ಇಳಿಜಾರಿನ ಕಾಲು

"ಕಂಬಿ ಹಿಡ್ಕೊ ಡ್ವಾರ್ಟೆ, ಕಂಬಿ!" ಎಂದು ಅರಾಕ್ಸಿ ಕೂಗುವಷ್ಟರಲ್ಲಿ ಅವನು ಬಿದ್ದಾಗಿತ್ತು. ಕೃತಕ ಕಾಲಿನ ಮೊಣಕಾಲು ಪಟ್ಟನೆ ಮಡಚಿಕೊಂಡಿತು. ಹಲಗೆಯ ಇಳಿಜಾರಿನ ಮೇಲೆ ಅವನ ದೊಡ್ಡ ದೇಹ ಗೋಣಿಚೀಲದ ಹಾಗೆ ಜಾರಿ, ಕೆಳಗೆ ಹಾಸಿದ್ದ ಹತ್ತಿಯ ಹಾಸಿಗೆಗೆ ಬಂದು ನಿಂತಿತು. ಸೈನಿಕರಿಗೆ ಕೃತಕ ಕೈಕಾಲು ಮಾಡುವ ಆ ಕಾರ್ಯಾಗಾರದ ಲೇತ್ ಯಂತ್ರದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅಲ್ಲಿದ್ದವರಿಗೆ ಇದು ಹೊಸದಲ್ಲ.

ಡ್ವಾರ್ಟೆ ಸಿಲ್ವೇರಾ ಮಲಗಿದಲ್ಲಿಂದಲೇ ಮೇಲೆ ನೋಡುತ್ತ, "ಇಂಜಿನಿಯರಮ್ಮ, ನಿಮ್ಮ ಸೂರಿಗೆ ಸುಣ್ಣ ಹೊಡೆಸ್ಬೇಕು. ಬಂದಾಗೆಲ್ಲ ನಾನು ನೋಡೋದು ಅದೊಂದನ್ನೇ" ಎಂದ.

"ಏಟಾಯ್ತಾ?"

"ಮರ್ಯಾದೆಗೆ ಆಯ್ತು. ಮಿಕ್ಕಿದ್ದು ನೆಟ್ಟಗಿದೆ."

ಅರಾಕ್ಸಿ ಬೆದೋಯನ್ ನಗಲಿಲ್ಲ. ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೊಣಕಾಲಿನ ಕೀಲನ್ನು ಬೆರಳಿನಿಂದ ಮಡಚಿ ಬಿಡಿಸಿ ನೋಡಿದಳು. ಕೀಲಿನಲ್ಲಿ ದೋಷವಿರಲಿಲ್ಲ. ಅದು ಅವಳು ಹೇಳಿಕೊಟ್ಟಂತೆಯೇ ನಡೆದುಕೊಂಡಿತ್ತು. ದೋಷ ಹೇಳಿಕೊಟ್ಟದ್ದರಲ್ಲಿತ್ತು.

ಡ್ವಾರ್ಟೆ ಎಡಗಾಲನ್ನು ತೊಡೆಯವರೆಗೆ ಕೊರಿಯಾದ ಯುದ್ಧದಲ್ಲಿ ಬಿಟ್ಟು ಬಂದವನು. ಗುಡ್ಡದ ಆಚೆ, ಹಾಫ್ ಮೂನ್ ಬೇಯಲ್ಲಿ, ಅವನ ಹಿರಿಯರು ಅಜೋರ್ಸ್ ದ್ವೀಪಗಳಿಂದ ಬಂದು ಮಾಡಿಕೊಂಡ ಆರ್ಟಿಚೋಕ್ ಎಂಬ ತರಕಾರಿಯ ತೋಟವಿತ್ತು. ಕಡಲ ಕಡೆಗೆ ಓರೆಯಾಗಿ ಇಳಿಯುವ ನೆಲ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಸಾಲುಗಳ ನಡುವೆ ಇಳಿಯಬೇಕು. ಸಮತಟ್ಟು ನೆಲದ ಮೇಲೆ ಅವನು ನಡೆದರೆ ಕಾಲಿಲ್ಲದವನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಷ್ಟು ಒಳ್ಳೆಯ ಕಾಲನ್ನು ಅರಾಕ್ಸಿ ಮಾಡಿಕೊಟ್ಟಿದ್ದಳು. ಆದರೆ ನೆಲ ಒಂದಿಷ್ಟು ವಾಲಿತೋ, ಕಾಲು ಕೈಕೊಡುತ್ತಿತ್ತು. ಆ ಮೊಣಕಾಲು ನಡೆಯುವಾಗ ಸಡಿಲವಾಗಿ ತೂಗಾಡುತ್ತಿತ್ತು; ಹಿಮ್ಮಡಿಯ ಮೇಲೆ ಭಾರ ಬಿದ್ದ ಕೂಡಲೇ ಒಳಗಿನ ಬಿರಿ, ಅಂದರೆ ಬ್ರೇಕು, ಹಿಡಿದುಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ಭಾರ ಮೊದಲು ಬರುತ್ತಿತ್ತು, ಹಿಡಿತ ಆಮೇಲೆ. ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಮನುಷ್ಯ ಬೀಳಲು ಅಷ್ಟು ಸಾಕು. ಬಿರಿಯನ್ನು ಇನ್ನಷ್ಟು ಚುರುಕಾಗಿಸಿದರೆ ಸಮತಟ್ಟು ನೆಲದ ಮೇಲೂ ಅದು ಹಿಡಿದು ಮುಗ್ಗರಿಸುತ್ತಿತ್ತು. ಅರಾಕ್ಸಿ ಇದರ ಸುತ್ತ ಗಾಣದ ಎತ್ತಿನ ಹಾಗೆ ತಿರುಗುತ್ತ ಬಹಳ ಕಾಲವಾಗಿತ್ತು.

ಕಾರ್ಯಾಗಾರದ ಮುಖ್ಯಸ್ಥ ಹಾರ್ಲನ್ ಪ್ರೂಯಿಟ್, ಅರ್ಧ ತಿಂದ ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದೇ ಹತ್ತಿರ ಬಂದ. ಡ್ವಾರ್ಟೆ ಎದ್ದು ನೀರು ಕುಡಿಯಲು ಹೋದ ಮೇಲೆ ದನಿ ತಗ್ಗಿಸಿ ಹೇಳಿದ: "ಅರಾಕ್ಸಿ, ಶರತ್ಕಾಲಕ್ಕೆ ವಾಷಿಂಗ್ಟನ್ನಿನ ಸರ್ಕಾರದವರು ನಮ್ಮ ಕೆಲಸ ನೋಡೋಕೆ ಬರ್ತಾರೆ. ನೆಟ್ಟಗಿನ ನೆಲಕ್ಕೆ ಒಳ್ಳೇ ಮೊಣಕಾಲು ನಮ್ಮ ಹತ್ರ ಇದೆ. ಅದನ್ನೇ ತೋರ್ಸಿ ಕೈ ತೊಳ್ಕೊಳ್ಳೋಣ."

"ಲೋಕ ನೆಟ್ಟಗಿಲ್ವಲ್ಲ ಸರ್."

"ಆಸ್ಪತ್ರೆಯ ಮೊಗಸಾಲೆ ನೆಟ್ಟಗಿದೆ. ಅವರು ಪರೀಕ್ಷೆ ಮಾಡೋದು ಅಲ್ಲೇ."

"ಡ್ವಾರ್ಟೆ ಮೊಗಸಾಲೇಲಿ ಬೇಸಾಯ ಮಾಡಲ್ಲ."

ಪ್ರೂಯಿಟ್ ಸ್ಯಾಂಡ್‌ವಿಚ್ ಮುಗಿಸಿ ಬೆರಳು ಒರೆಸಿಕೊಂಡ. ಅವನು ಕೆಟ್ಟವನಲ್ಲ, ದಣಿದವನು. ಸ್ವಲ್ಪ ಹಿಂಜರಿಯುತ್ತ, "ಒಂದು ವಿಷಯ ಹೇಳ್ತೀನಿ, ನಗಬೇಡಿ" ಎಂದ. "ಮೆನ್ಲೋ ಪಾರ್ಕ್ ಊರಿನಲ್ಲಿ ಒಂದು ಅಧ್ಯಯನ ನಡೀತಿದೆ. ಕಳ್ಳಿಯಿಂದ ತೆಗೆದ ಒಂದು ಔಷಧಿ, ಮೆಸ್ಕಲಿನ್ ಅಂತ. ತಗೊಂಡ್ರೆ ತಲೆ ಬೇರೆ ಥರ ಓಡುತ್ತಂತೆ. ಯಾವುದೋ ಒಂದು ಸಮಸ್ಯೇಲಿ ಸಿಕ್ಕಿಹಾಕ್ಕೊಂಡ ಇಂಜಿನಿಯರುಗಳು, ಗಣಿತದವರು, ಕಟ್ಟಡದವರು ಹೋಗ್ತಿದಾರೆ. ಸರ್ಕಾರದ ಅನುಮತಿ ಇದೆ. ರೇಡಿಯೋ ಕೆಲಸದ ನನ್ನ ಸ್ನೇಹಿತ ಒಬ್ಬ ಹೋಗಿ ಬಂದ. ಅವನ ಗಂಟು ಬಿಚ್ಕೊಳ್ತು."

ಅದು ಅರವತ್ತಾರರ ವಸಂತ. ಸ್ಯಾನ್ ಫ್ರಾನ್ಸಿಸ್ಕೋದ ಹುಡುಗರು ಇಂಥದ್ದನ್ನೇ ತಿಂದು ಬೀದಿಯಲ್ಲಿ ಕುಣಿಯುತ್ತಾರೆಂದು ಪತ್ರಿಕೆಗಳು ದಿನವೂ ಬರೆಯುತ್ತಿದ್ದವು. ಅರಾಕ್ಸಿಗೆ ಅಂಜಿಕೆಯಾದದ್ದು ನಿಜ. ಫ್ರೆಸ್ನೋದ ದ್ರಾಕ್ಷಿ ತೋಟದಲ್ಲಿ ಹುಟ್ಟಿ, ಒಣದ್ರಾಕ್ಷಿಯ ತಟ್ಟೆಗಳನ್ನು ತಿರುವುತ್ತ ಗಣಿತ ಕಲಿತವಳು ಅವಳು. ಆ ಊರಿನ ಆರ್ಮೇನಿಯನ್ನರಲ್ಲಿ ನಲವತ್ತಾದರೂ ಮದುವೆಯಾಗದ ಮಗಳೆಂದರೆ ಎಲ್ಲರ ಬಾಯಿಗೂ ತುತ್ತು. ಅವಳ ಬಳಿ ಇದ್ದದ್ದು ತಲೆಯೊಂದೇ. ಅದನ್ನು ಯಾರ ಕೈಗೋ ಒಪ್ಪಿಸುವುದೆಂದರೆ?

ಡ್ವಾರ್ಟೆಗೆ ಹೇಳಿದಾಗ ಅವನು ಗಲ್ಲ ಕೆರೆದುಕೊಂಡ. "ನಿಮಗೆ ಹುಚ್ಚು ಹಿಡಿದ್ರೆ ನನ್ನ ಕಾಲು ಯಾರು ಮಾಡ್ತಾರೆ?"

"ಈಗ ಹಿಡಿದಿಲ್ಲ ಅಂತ ಯಾರು ಹೇಳಿದ್ದು?"

"ಅದೂ ನಿಜವೇ" ಎಂದು ಅವನು ಗಂಭೀರವಾಗಿಯೇ ಒಪ್ಪಿಕೊಂಡ.

ಅಧ್ಯಯನ ನಡೆಸುತ್ತಿದ್ದವಳು ಲಿಯೋನಾ ಹಾಚ್ ಎಂಬ ಮನಶ್ಶಾಸ್ತ್ರಜ್ಞೆ. ಅರವತ್ತು ದಾಟಿದ, ನೆರೆಗೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಹೆಂಗಸು. ಮಾತಿನ ನಡುವೆ ಹೆಣಿಗೆ ಹಾಕುವುದು ಅವಳ ಅಭ್ಯಾಸ.

"ದೇವರನ್ನು ನೋಡ್ಬೇಕು ಅಂತಿದ್ರೆ ಬೇರೆ ಕಡೆ ಹೋಗು" ಎಂದಳು ಲಿಯೋನಾ. "ಇಲ್ಲಿಗೆ ನೀನು ಸೋತು ಸುಣ್ಣ ಆಗಿರೋ ಒಂದು ಸಮಸ್ಯೆ ತರ್ಬೇಕು. ನಿನ್ನ ಹೊಟ್ಟೇಲಿ ಬಹಳ ದಿನದಿಂದ ಕೂತಿರ್ಬೇಕು. ಇದೆಯಾ ಅಂಥದ್ದು?"

"ಇದೆ. ವಾರಕ್ಕೊಂದ್ಸಲ ನನ್ನ ಕಣ್ಣೆದುರಿಗೇ ಬೀಳುತ್ತೆ."

"ಔಷಧಿಗೆ ನಿನ್ನ ಮೊಣಕಾಲಿನ ವಿಷಯ ಏನೂ ಗೊತ್ತಿಲ್ಲ, ನೆನಪಿಟ್ಕೊ. ನಿನಗೆ ಎಷ್ಟು ಗೊತ್ತೋ ಅಷ್ಟೇ."

ಗೊತ್ತುಮಾಡಿದ ದಿನ ಬೆಳಿಗ್ಗೆ ಅರಾಕ್ಸಿ ಗುಳಿಗೆ ನುಂಗಿ, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಸಿಕೊಂಡು ದಿವಾನದ ಮೇಲೆ ಮಲಗಿದಳು. ಮೂಲೆಯಲ್ಲಿ ಚೆಲ್ಲೋ ಎಂಬ ತಂತಿವಾದ್ಯದ ಗ್ರಾಮಫೋನ್ ತಟ್ಟೆ ತಿರುಗುತ್ತಿತ್ತು. ಆಮೇಲೆ ವಾದ್ಯದ ಒಂದೊಂದು ಸ್ವರವೂ ದ್ರಾಕ್ಷಿ ಚಪ್ಪರದ ಸಾಲಿನಂತೆ ಚಾಚಿಕೊಂಡು, ಆ ಸಾಲುಗಳು ಉಸಿರಾಡತೊಡಗಿದವು. ಅಪ್ಪ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದ. ಅವಳು ಅತ್ತಳು, ಯಾಕೆಂದು ಯಾರೂ ಕೇಳಲಿಲ್ಲ. ಬೆರಳುಗಳ ಸಂದಿಗೆ ಲಿಯೋನಾಳ ಒರಟು ಬೆರಳುಗಳು ಬಂದು ಕೂತವು.

ನಡುಹಗಲಿನ ಹೊತ್ತಿಗೆ ಎಲ್ಲ ತಿಳಿಯಾಯಿತು. ಲಿಯೋನಾ ಕಣ್ಣಿನ ಬಟ್ಟೆ ಬಿಚ್ಚಿ, ಚಿತ್ರದ ಹಲಗೆಯನ್ನು ತೊಡೆಯ ಮೇಲಿಟ್ಟು, "ಇನ್ನು ನಿನ್ನ ಕೆಲಸ" ಎಂದಳು.

ಅರಾಕ್ಸಿಯ ತಲೆಯೊಳಗೆ ಕೂತು, ಹೊಳೆದ ಪ್ರತಿಯೊಂದಕ್ಕೂ 'ಇದು ಆಗಲ್ಲ, ಇದನ್ನು ಮಾಡಿ ಬಿಟ್ಟಾಗಿದೆ' ಎನ್ನುತ್ತಿದ್ದ ಒಂದು ದನಿ ಇತ್ತು. ಆ ದಿನ ಅದು ರಜೆ ಹಾಕಿತ್ತು. ಮೊಣಕಾಲನ್ನು ನೆನೆದದ್ದೇ ತಡ, ಅದು ಬಂದು ನಿಂತಿತು. ಹೊರಗಿನಿಂದಲ್ಲ, ಒಳಗಿನಿಂದ. ಹೊಳೆಯ ನೀರಿನಲ್ಲಿ ನುಣುಪಾದ ಎರಡು ಕಲ್ಲುಗಳು. ಒಂದರ ಮೇಲೊಂದು ಉರುಳುತ್ತ, ಜಾರುತ್ತ, ನಡುವೆ ಕೀಲಿನ ಕಡ್ಡಿಯೇ ಇಲ್ಲದೆ, ಭಾರ ಎತ್ತ ಬಿದ್ದರೂ ತಾವೇ ಸರಿದು ಸಮತೂಕಕ್ಕೆ ಬರುತ್ತಿದ್ದವು. ಅಷ್ಟು ಚೆಲುವಾದದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಇದು ತಪ್ಪಾಗಿರಲು ಸಾಧ್ಯವೇ ಇಲ್ಲ ಎಂದು ಮೈಯೆಲ್ಲ ಹೇಳಿತು. ಪೆನ್ಸಿಲು ತಾನೇ ಓಡಿತು. ಹಾಳೆಯ ಮೇಲೆ ಹಾಳೆ ತುಂಬಿತು.

ಸಂಜೆಯ ಕಡೆಗೆ ಲಿಯೋನಾ ಅವಳನ್ನು ಹಿತ್ತಿಲ ತೋಟಕ್ಕೆ ಕರೆದೊಯ್ದಳು. ಬಾಗಿಲಿನಿಂದ ಹುಲ್ಲಿಗೆ ಇಳಿಯಲು ಕೆಲವು ಕಲ್ಲಿನ ಮೆಟ್ಟಿಲುಗಳಿದ್ದವು. ಮೊದಲ ಮೆಟ್ಟಿಲು ಇಳಿಯುವಾಗ ಅರಾಕ್ಸಿ ಥಟ್ಟನೆ ನಿಂತಳು. ಕಾಲ ಇನ್ನೂ ನಿಧಾನವಾಗಿಯೇ ಹರಿಯುತ್ತಿತ್ತು. ತನ್ನ ತೊಡೆಯೊಳಗೆ ಏನೋ ನಡೆಯುವುದು ಅವಳಿಗೆ ತಿಳಿಯಿತು. ಹತ್ತಿ ಮತ್ತೆ ಇಳಿದಳು. ಮತ್ತೆ ಹತ್ತಿದಳು. ಸೂಪು ಆರುತ್ತಿದೆ ಎಂದು ಒಳಗಿನಿಂದ ಕೂಗಿದರೂ ಬರಲಿಲ್ಲ. ಏನನ್ನೋ ಕಂಡು ಒಬ್ಬಳೇ ನಕ್ಕಳು. ಆದರೆ ಅದು ಎಷ್ಟು ಸಾಧಾರಣವಾಗಿತ್ತೆಂದರೆ, ಆ ಕಲ್ಲುಗಳ ಚೆಲುವಿನ ಮುಂದೆ ಬರೆದಿಡುವಷ್ಟು ದೊಡ್ಡದೆನಿಸಲಿಲ್ಲ. ಮನೆಗೆ ಹೋಗಿ ಮಲಗಿ ಎದ್ದಾಗ ಅದು ಮನಸ್ಸಿನಿಂದ ಜಾರಿತ್ತು.

ಎರಡು ಕಲ್ಲುಗಳ ಮೊಣಕಾಲು ಉಕ್ಕಿನಲ್ಲಿ ರೂಪು ತಳೆಯಲು ಬೇಸಿಗೆಯವರೆಗೆ ಹಿಡಿಯಿತು. ಕಾರ್ಯಾಗಾರದವರೆಲ್ಲ ಸುತ್ತ ನಿಂತು ನೋಡಿದರು. ಅಂಗೈಯಲ್ಲಿ ಹಿಡಿದರೆ ಸಾಕಿದ ಪ್ರಾಣಿಯಂತೆ ಅದು ಮಡಚಿಕೊಂಡು ಬಿಚ್ಚಿಕೊಳ್ಳುತ್ತಿತ್ತು. ಪ್ರೂಯಿಟ್ ಮೊದಲ ಬಾರಿಗೆ ಅವಳ ಬೆನ್ನು ತಟ್ಟಿದ.

ಡ್ವಾರ್ಟೆ ಅದನ್ನು ತೊಟ್ಟು ಸಮತಟ್ಟು ನೆಲದ ಮೇಲೆ ನಡೆದ. "ಬೆಣ್ಣೆ!" ಎಂದ. ಇಳಿಜಾರಿನ ಮೇಲೆ ಎರಡು ಹೆಜ್ಜೆ ಚೆನ್ನಾಗಿಯೇ ಇಟ್ಟ. ಮೂರನೆಯದಕ್ಕೆ ಮೇಲಿನ ಕಲ್ಲು ಕೆಳಗಿನ ಕಲ್ಲಿನಿಂದ ಹೊರಳಿ ಆಚೆ ಹೋಯಿತು. ಈ ಸಲ ಅವನು ಹಾಸಿಗೆಯ ಕಡೆಗೆ ಬೀಳಲಿಲ್ಲ. ಪಕ್ಕಕ್ಕೆ, ಸಿಮೆಂಟಿನ ಮೇಲೆ ಬಿದ್ದ. ಮುಂಗೈ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಡ್ವಾರ್ಟೆ ತಮಾಷೆಯ ಮಾತನ್ನೇನೂ ಆಡಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನ ಹೆಂಡತಿ ಲುರ್ದೆಸ್ ಅರಾಕ್ಸಿಗೆ ಎದುರಾದಳು. ತೋಟದಿಂದ ನೇರ ಬಂದವಳು. ಬೂಟಿನಲ್ಲಿ ಇನ್ನೂ ಮಣ್ಣಿತ್ತು.

"ಅವರ ಕಾಲನ್ನ ಯುದ್ಧ ತಗೊಂಡು ಹೋಯ್ತು. ಕೈಯನ್ನ ನೀವು ತಗೊಳ್ಳಿ" ಎಂದಳು. "ಆಮೇಲೆ ಉಳಿದದ್ದನ್ನ ಹೇಳಿಕಳ್ಸಿ, ಬಂದು ಬುಟ್ಟೀಲಿ ತುಂಬ್ಕೊಂಡು ಹೋಗ್ತೀನಿ."

"ತಪ್ಪು ನನ್ನದೇ."

"ಅದು ನನಗೂ ಗೊತ್ತು. ಅಲ್ಲ ಕಣಮ್ಮ, ನಾನು ಕೇಳೋದು ಒಂದೇ. ಆ ಕಾಲು ಮಾಡಕ್ಕೆ ನಿಮಗೆ ಬರುತ್ತಾ ಇಲ್ವಾ? ಬರಲ್ಲ ಅಂದ್ರೆ ಹೇಳಿಬಿಡಿ. ಮನೇಲಿ ಮೂಲೇಲಿ ಕೂತಿರ್ಲಿ. ನಾನೇ ಬುಟ್ಟಿ ಹೊರ್ತೀನಿ."

"ಇನ್ನೂ ಬಂದಿಲ್ಲ" ಎಂದಳು ಅರಾಕ್ಸಿ. "ಬರುತ್ತೆ."

ಲುರ್ದೆಸ್ ಅವಳನ್ನು ಮೇಲಿನಿಂದ ಕೆಳಗೆ ನೋಡಿ ಒಳಗೆ ಹೋದಳು.

ಪ್ರೂಯಿಟ್ ತನ್ನ ಕೋಣೆಯ ಬಾಗಿಲು ಮುಚ್ಚಿ ಕೂಗಾಡಿದ. "ನಶೇಲಿ ಗೀಚಿದ ಚಿತ್ರಾನ ನಂಬಿ ಮನುಷ್ಯನ ಮೇಲೆ ಹಾಕಿದ್ವಲ್ಲ! ನಾನೇ ಕಳ್ಸಿದ್ದು ಬೇರೆ, ನನ್ನ ಬುದ್ಧಿಗಿಷ್ಟು. ಮುಗೀತು ಅರಾಕ್ಸಿ. ನೆಟ್ಟಗಿನ ನೆಲದ ಕಾಲನ್ನೇ ತೋರ್ಸೋಣ."

"ಅವರು ಬರೋವರೆಗೂ ಟೈಮಿದೆ ಸರ್."

"ಟೈಮಲ್ಲ ಇಲ್ಲದ್ದು, ನಂಬಿಕೆ!"

"ಬಯ್ಯೋದಾದ್ರೆ ಇನ್ನೂ ಬಯ್ಯಿರಿ. ಆದ್ರೆ ಕಾರ್ಯಾಗಾರದ ಬೀಗದ ಕೈ ನನ್ನ ಹತ್ರಾನೇ ಇರ್ಲಿ."

ಅವನು ಬೀಗದ ಕೈ ಕೇಳಲಿಲ್ಲ. ಕೊಡುತ್ತಿರಲೂ ಇಲ್ಲ ಅವಳು.

ಆ ವಾರವೇ ಅವಳು ಮೆನ್ಲೋ ಪಾರ್ಕಿಗೆ ಹೋದಳು. ಲಿಯೋನಾಳ ಮನೆಯೆದುರು ಒಂದು ಲಾರಿ ನಿಂತಿತ್ತು. ದಿವಾನಗಳನ್ನು ಹೊರಗೆ ಸಾಗಿಸುತ್ತಿದ್ದರು. ಲಿಯೋನಾ ಬರಿಗೋಡೆಗೆ ಒರಗಿ ನಿಂತಿದ್ದಳು. ಕೈಯಲ್ಲಿ ಹೆಣಿಗೆ ಇರಲಿಲ್ಲ.

"ಅನುಮತಿ ವಾಪಸ್ ತಗೊಂಡ್ರು" ಎಂದಳು. "ಇಲ್ಲಿ ಒಂದೇ ಅಲ್ಲ, ದೇಶದಲ್ಲೆಲ್ಲ. ಬೀದಿ ಹುಡುಗ್ರು ಮಾಡಿದ್ದಕ್ಕೆ ನಮಗೂ ಬಾಗಿಲು ಹಾಕಿದ್ರು."

"ನನಗೆ ಇನ್ನೊಂದ್ಸಲ ಬೇಕಿತ್ತು."

"ಇಲ್ಲ. ಕೊಡಬಾರದು, ಕೊಡೋಣ ಅಂದ್ರೂ ಇಲ್ಲಿ ಒಂದು ಗುಳಿಗೆಯೂ ಉಳಿದಿಲ್ಲ."

ಅರಾಕ್ಸಿಗೆ ಸಿಟ್ಟು ಬಂತು. "ಆ ದಿನ ಅದು ನನಗೆ ಸುಳ್ಳು ಹೇಳ್ತು. ಒಬ್ಬ ಮನುಷ್ಯನ ಕೈ ಮುರೀತು."

"ಔಷಧಿ ಸುಳ್ಳೂ ಹೇಳಲ್ಲ, ನಿಜಾನೂ ಹೇಳಲ್ಲ ಕಣಮ್ಮ. ನಿನ್ನ ತಲೇಲಿದ್ದದ್ದನ್ನ ಬೇರೆ ಬೆಳಕಲ್ಲಿ ತೋರಿಸ್ತು. ತೋರಿಸಿದ್ದರಲ್ಲಿ ನೀನು ಯಾವುದನ್ನ ಎತ್ಕೊಂಡೆ?"

"ಚೆಂದ ಕಂಡದ್ದನ್ನ" ಎಂದಳು ಅರಾಕ್ಸಿ.

"ಎಲ್ಲರೂ ಹಾಗೇ ಮಾಡೋದು. ಸರಿ, ನನಗೊಂದು ಹೇಳು. ಆ ಸಂಜೆ ನೀನು ಹಿತ್ತಿಲ ಮೆಟ್ಟಿಲು ಬಿಟ್ಟು ಬರ್ಲೇ ಇಲ್ಲ. ಹತ್ತೋದು, ಇಳಿಯೋದು, ನಗೋದು. ಏನು ಮಾಡ್ತಿದ್ದೆ ಅಲ್ಲಿ?"

ಏನು ಮಾಡುತ್ತಿದ್ದಳು? ನೆನಪಾಗಲಿಲ್ಲ. ನಕ್ಕದ್ದು ಮಾತ್ರ ನೆನಪಿತ್ತು. ಅವಳು ಲಾರಿಯವರನ್ನು ದಾಟಿ, ಬರಿದಾದ ಕೋಣೆಗಳನ್ನು ಹಾದು ಹಿತ್ತಿಲಿಗೆ ಹೋದಳು. ಬೂಟು ಕಳಚಿದಳು. ಮೆಟ್ಟಿಲು ಇಳಿದಳು.

ಏನೂ ಇಲ್ಲ. ಬರೀ ಮೆಟ್ಟಿಲು. ಮತ್ತೆ ಹತ್ತಿ ಇಳಿದಳು. ಬೇಲಿಯಾಚೆಯ ನಾಯಿ ಅವಳನ್ನು ನೋಡಿ ಬೊಗಳಿ, ಸಾಕಾಗಿ ಸುಮ್ಮನಾಯಿತು. ಕಣ್ಣು ಮುಚ್ಚಿಕೊಂಡು ಇಳಿದಳು. ಅಂಗೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಇಳಿದಳು. ಆ ದಿನ ಎಷ್ಟು ನಿಧಾನವಾಗಿತ್ತೋ ಅಷ್ಟು ನಿಧಾನ ಮಾಡಲು ನೋಡಿದಳು. ಮೈ ವಾಲಿ ಗೋಡೆಗೆ ತಗುಲಿತು. ಲಾರಿ ಹೊರಟುಹೋದದ್ದು ಕೇಳಿಸಿತು. ಲಿಯೋನಾ ಬಾಗಿಲಲ್ಲಿ ಬಂದು ಕೂತಳು. ಅರಾಕ್ಸಿಯ ಅಂಗಾಲು ಕಲ್ಲಿಗೆ ಉಜ್ಜಿ ಕೆಂಪಾಗಿತ್ತು, ತೊಡೆ ನಡುಗುತ್ತಿತ್ತು. ಆ ನಡುಕದಿಂದಲೇ ಇರಬೇಕು, ಒಮ್ಮೆ ಅಂಗೈಗೆ ತಿಳಿಯಿತು.

ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನ ತೊಡೆ ಮೊದಲೇ ಬಿಗಿದುಕೊಂಡಿತ್ತು. ಕೆಳಗಿನ ಕಾಲು ಮೆಟ್ಟಿಲು ಮುಟ್ಟುವ ಮೊದಲೇ, ಭಾರ ಬೀಳುವ ಮೊದಲೇ. ಮೈ ಇಳಿಯುತ್ತ ಹೋದಂತೆ ಆ ಬಿಗಿ ಹೆಚ್ಚುತ್ತಿರಲಿಲ್ಲ; ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತಿತ್ತು. ಅಪ್ಪ ಫ್ರೆಸ್ನೋದ ಬಾವಿಗೆ ಕೊಡ ಇಳಿಸುವಾಗ ಹೀಗೆಯೇ. ಕೊಡ ಬೀಳುವುದನ್ನು ಕಾಯ್ದು ಹಗ್ಗ ಹಿಡಿಯುವುದಿಲ್ಲ ಯಾರೂ. ಹಗ್ಗ ಮೊದಲಿನಿಂದಲೂ ಕೈಯಲ್ಲಿರುತ್ತದೆ. ಇಳಿಸುವುದೆಂದರೆ ಬಿಡುತ್ತ ಹೋಗುವುದು.

"ಯಾವಾಗ ಹಿಡೀಬೇಕು ಅಂತ ಕೇಳ್ತಿದ್ದೆ ಇಷ್ಟು ವರ್ಷ!" ಎಂದು ಅರಾಕ್ಸಿ ಕೂಗಿದಳು. "ಯಾವಾಗ ಬಿಡ್ಬೇಕು ಅಂತ ಕೇಳ್ಬೇಕಿತ್ತು!"

"ಆ ಸಂಜೆಯೂ ಹೀಗೇ ಏನೋ ಒದರ್ತಿದ್ದೆ" ಎಂದಳು ಲಿಯೋನಾ. "ಔಷಧಿ ಮಾತು ಅಂತ ನಾನು ಕಿವಿಗೆ ಹಾಕ್ಕೊಳ್ಲಿಲ್ಲ."

ಆಮೇಲಿನದು ಕೆಲಸ. ಮೊಣಕಾಲಿನೊಳಗೆ ಎಣ್ಣೆ ತುಂಬಿದ ಒಂದು ಸಣ್ಣ ಕೊಳವೆ. ಎಣ್ಣೆ ಕಿರಿದಾದ ತೂತಿನಿಂದ ನುಸುಳಬೇಕು. ಹಾಗಾಗಿ ಕಾಲು ಯಾವಾಗಲೂ ಬಿಗಿ, ಭಾರ ಬಿದ್ದರೆ ಮೆಲ್ಲಗೆ ಕುಗ್ಗುತ್ತದೆ. ನಡೆಯುವವನು ಹೆಜ್ಜೆಯ ಕೊನೆಯಲ್ಲಿ ಕಾಲನ್ನು ಪೂರ್ತಿ ಹಿಂದಕ್ಕೆ ಚಾಚಿ ಬೆರಳ ತುದಿಯಿಂದ ನೆಲ ಒತ್ತಿದಾಗ ಮಾತ್ರ ಒಂದು ಕವಾಟ ಸರಿದು, ಇನ್ನೊಂದು ದೊಡ್ಡ ತೂತು ತೆರೆದು ಕಾಲು ಸಡಿಲವಾಗಿ ಮುಂದಕ್ಕೆ ತೂಗುತ್ತದೆ. ಹೇಳಲು ಇಷ್ಟೇ. ಆ ತೂತುಗಳ ಅಳತೆ ಹಿಡಿಯುವುದರಲ್ಲಿ ಬೇಸಿಗೆಯ ಉಳಿದ ದಿನಗಳು ಕರಗಿದವು. ಎಣ್ಣೆ ಸೋರಿತು. ಬಿಸಿಲಿಗೆ ತೆಳ್ಳಗಾಯಿತು. ಕವಾಟ ಅಂಟಿಕೊಂಡಿತು. ಅವಳು ಕಳಚಿದಳು, ತೊಳೆದಳು, ಮತ್ತೆ ಜೋಡಿಸಿದಳು.

"ಇದನ್ನ ಡ್ವಾರ್ಟೆ ಮೇಲೆ ಹಾಕಕ್ಕೆ ನಾನು ಒಪ್ಪಲ್ಲ" ಎಂದ ಪ್ರೂಯಿಟ್.

"ಅವನ ಮೇಲೆ ಯಾರು ಹಾಕ್ತಾರೆ ಈಗ?"

ಅವಳು ಚರ್ಮದ ಒಂದು ತೊಟ್ಟಿಲು ಹೊಲಿಸಿದಳು. ತನ್ನ ಎಡಗಾಲನ್ನೇ ಹಿಂದಕ್ಕೆ ಮಡಚಿ, ಪಟ್ಟಿಯಿಂದ ತೊಡೆಗೆ ಬಿಗಿದು, ಮಡಚಿದ ಮೊಣಕಾಲನ್ನು ಆ ತೊಟ್ಟಿಲಲ್ಲಿ ಊರಿ, ಅದರ ಕೆಳಗೆ ಉಕ್ಕಿನ ಕಾಲು ಜೋಡಿಸಿಕೊಂಡಳು. ಲಂಗದ ಬದಲು ಗಂಡಸರ ಷರಾಯಿ ಹಾಕಿಕೊಂಡು ಇಳಿಜಾರಿನ ತುದಿಯಲ್ಲಿ ನಿಂತಳು. ಮೊದಲ ದಿನ ಬಿದ್ದಳು. ಮರುದಿನವೂ ಬಿದ್ದಳು. ಬಿದ್ದಾಗ ಮೇಲೆ ನೋಡಿದರೆ ಸೂರಿಗೆ ನಿಜಕ್ಕೂ ಸುಣ್ಣ ಬೇಕಾಗಿತ್ತು. ಸೊಂಟ ನೀಲಿಗಟ್ಟಿತು. ಕಾರ್ಯಾಗಾರದ ಗಂಡಸರು ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಒಂದು ಮಧ್ಯಾಹ್ನ ಅವಳು ಕಂಬಿ ಮುಟ್ಟದೆ, ಒಂದು ಕಾಲಾದ ಮೇಲೆ ಒಂದು ಕಾಲಿಡುತ್ತ, ಹೆದರಿ ಹೆದರಿ, ಕೆಳಗಿನವರೆಗೆ ಇಳಿದಳು. ಹಿಂದಿರುಗಿ ಹತ್ತಿ ಮತ್ತೆ ಇಳಿದಳು. ಪ್ರೂಯಿಟ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಸಿಲ್ವೇರಾನಿಗೆ ಫೋನು ಮಾಡಿ" ಎಂದಷ್ಟೇ ಹೇಳಿ ಹೋದ.

ಕೈಯ ಪ್ಲಾಸ್ಟರ್ ಕಟ್ಟು ತೆಗೆಸಿಕೊಂಡ ಡ್ವಾರ್ಟೆ ಬಂದ. ಜೊತೆಗೆ ಲುರ್ದೆಸ್ ಕೂಡ. ಅವಳು ನೇರ ಇಳಿಜಾರಿನ ಬುಡಕ್ಕೆ ಹೋಗಿ, ಹಾಸಿಗೆಯನ್ನು ಕಾಲಿನಿಂದ ಬದಿಗೆ ತಳ್ಳಿ, ಅದಿದ್ದ ಜಾಗದಲ್ಲಿ ತಾನೇ ಕೈ ಚಾಚಿ ನಿಂತಳು.

"ನೀನು ಹಾಸಿಗೆಗಿಂತ ಗಟ್ಟಿ ಕಣೆ" ಎಂದ ಡ್ವಾರ್ಟೆ ಮೇಲಿನಿಂದ.

"ಬಾಯಿ ಮುಚ್ಕೊಂಡು ಇಳೀರಿ."

ಅವನು ಇಳಿದ. ಮೊಣಕಾಲು ಮಡಚಿಕೊಳ್ಳುತ್ತಿದ್ದಂತೆ ಹಳೆಯ ಭಯಕ್ಕೆ ಅವನ ಭುಜ ಸೆಟೆಯಿತು; ಆದರೆ ಕಾಲು ಕುಸಿಯಲಿಲ್ಲ, ಕುಗ್ಗಿತು. ಎಣ್ಣೆ ನುಸುಳುವ ಸಣ್ಣ ಸದ್ದು. ಇನ್ನೊಂದು ಹೆಜ್ಜೆ. ಮತ್ತೊಂದು. ಲುರ್ದೆಸ್‌ಳ ಚಾಚಿದ ಕೈಗಳ ಮುಂದೆ ಬಂದು ನಿಂತಾಗ ಅವನ ಮುಖದಲ್ಲಿ ಗೊಂದಲವಿತ್ತು. ಯಾರೋ ಮೇಲಿನಿಂದ ಅವನನ್ನು ಎತ್ತಿ ಕೆಳಗಿಟ್ಟಂತೆ.

"ಇನ್ನೊಂದ್ಸಲ" ಎಂದ. ಆ ದಿನ ಅವನು ಎಷ್ಟು ಸಲ ಇಳಿದನೋ ಯಾರೂ ಲೆಕ್ಕ ಇಡಲಿಲ್ಲ.

ಶರತ್ಕಾಲದಲ್ಲಿ ವಾಷಿಂಗ್ಟನ್ನಿನವರು ಬಂದರು. ಹಿಂದಿನ ದಿನ ಪ್ರೂಯಿಟ್ ಅರಾಕ್ಸಿಯನ್ನು ಕೂರಿಸಿಕೊಂಡು ಹೇಳಿದ್ದ: "ಹೇಗೆ ಹೊಳೀತು ಅಂತ ಕೇಳ್ತಾರೆ. ಲೆಕ್ಕ ಮಾಡಿ ಮಾಡಿ ಹೊಳೀತು ಅನ್ನಿ. ಆ ಔಷಧಿ ಈಗ ಕಾನೂನಿಗೆ ವಿರುದ್ಧ. ಹೆಸರೆತ್ತಿದ್ರೆ ಕಾಲೂ ಹೋಗುತ್ತೆ, ನೀವೂ ಹೋಗ್ತೀರ."

ಬಿಳಿ ಮೀಸೆಯ ಒಬ್ಬ ವೈದ್ಯಾಧಿಕಾರಿ ಇಳಿಜಾರನ್ನು ಸುತ್ತಿ ಬಂದು, ಡ್ವಾರ್ಟೆಯ ಮೊಣಕಾಲಿಗೆ ಕಿವಿಯಿಟ್ಟು ಕೇಳಿ, ನಡೆಸಿ, ಬುಟ್ಟಿ ಹೊರಿಸಿ, ನೂಕಿ ನೋಡಿದ. ಆಮೇಲೆ ಕನ್ನಡಕ ತೆಗೆದು, "ಇಷ್ಟು ಸರಳವಾದದ್ದು ನಮ್ಮ ಯಾರಿಗೂ ಹೊಳೀಲಿಲ್ವಲ್ಲ. ನಿಮಗೆಲ್ಲಿ ಸಿಕ್ತು?" ಎಂದು ಅರಾಕ್ಸಿಯನ್ನು ಕೇಳಿದ.

ಪ್ರೂಯಿಟ್ ಕಿಟಕಿಯ ಕಡೆ ತಿರುಗಿದ.

"ವಸಂತದಲ್ಲಿ ಒಂದು ದಿನ ಮೆಸ್ಕಲಿನ್ ತಗೊಂಡಿದ್ದೆ" ಎಂದಳು ಅರಾಕ್ಸಿ. "ಆಗ ಅದಕ್ಕೆ ಅನುಮತಿ ಇತ್ತು. ಆ ದಿನ ನನಗೆ ಎರಡು ವಿಷಯ ಕಂಡವು. ಒಂದು ತಪ್ಪು, ಅದು ಈ ಮನುಷ್ಯನ ಕೈ ಮುರೀತು. ಇನ್ನೊಂದು ಇದು. ಎರಡೂ ಒಂದೇ ದಿನ, ಒಂದೇ ತಲೇಲಿ. ಯಾವುದು ಸರಿ ಅಂತ ಹೇಳಿದ್ದು ಔಷಧಿಯಲ್ಲ, ಈ ಇಳಿಜಾರು."

ಡ್ವಾರ್ಟೆ ಮುರಿದು ಕೂಡಿದ ಕೈಯನ್ನು ಮೇಲೆತ್ತಿ, "ಸಾಕ್ಷಿ ಇಲ್ಲಿದೆ ಸ್ವಾಮಿ" ಎಂದ.

"ಇದನ್ನ ನೀವು ಹೇಳ್ಬೇಕಾಗಿರ್ಲಿಲ್ಲ" ಎಂದ ಅಧಿಕಾರಿ, ಮೆಲ್ಲಗೆ.

"ನೀವು ಕೇಳಿದ್ರಿ."

ಮೊಣಕಾಲಿಗೆ ಒಪ್ಪಿಗೆ ಸಿಕ್ಕಿತು. ಬೇರೆ ಬೇರೆ ಊರುಗಳ ಸೈನಿಕ ಆಸ್ಪತ್ರೆಗಳಿಗೆ ಕೊಡಲು ಮೊದಲ ಕಂತು ಮಾಡಿರೆಂದರು. ವರದಿಯಲ್ಲಿ ಮೆಸ್ಕಲಿನ್ ತಗೊಂಡ ಆ ದಿನದ ಮಾತು ಬೇಡ ಎಂದೂ ಹೇಳಿ ಕಳಿಸಿದರು. "ಎರಡು ಸಾಲು ತೆಗೀತೀನಿ, ಅಷ್ಟೇ" ಎಂದ ಪ್ರೂಯಿಟ್. "ಹಾಗಾದ್ರೆ ನನ್ನ ಹೆಸರೂ ತೆಗೀರಿ" ಎಂದಳು ಅರಾಕ್ಸಿ. ಅವನು ಒಂದು ವಾರ ಅವಳ ಮನಸ್ಸು ತಿರುಗಿಸಲು ನೋಡಿದ. ಕೊನೆಗೆ ಎರಡನ್ನೂ ತೆಗೆದ. ಆಮೇಲೆ ಅವಳನ್ನು ಕಾಲುಗಳ ವಿಭಾಗದಿಂದ ಕೈಗಳ ವಿಭಾಗಕ್ಕೆ ಹಾಕಿದರು. ಅವಳು ತನ್ನ ಸಲಕರಣೆಗಳನ್ನು ಪೆಟ್ಟಿಗೆಗೆ ತುಂಬಿಕೊಂಡು, ಆಚೆ ಬದಿಯ ಮೇಜಿಗೆ ಹೋಗಿ, ಒಂದು ಹೆಬ್ಬೆರಳನ್ನು ಎತ್ತಿಕೊಂಡು ನೋಡತೊಡಗಿದಳು.

ಒಂದು ಭಾನುವಾರ ಡ್ವಾರ್ಟೆ ಅವಳನ್ನು ಊಟಕ್ಕೆ ಕರೆದ. ಲುರ್ದೆಸ್ ಬೀನ್ಸು ಹಾಕಿದ ಮಾಂಸದ ಸಾರು, ಸಿಹಿ ರೊಟ್ಟಿ ಮಾಡಿದ್ದಳು. ಬಡಿಸುವಾಗ ಅರಾಕ್ಸಿಯ ತಟ್ಟೆಗೆ ಕೇಳದೆಯೇ ಎರಡು ಸಲ ಹಾಕಿದಳು. ಊಟವಾದ ಮೇಲೆ ಡ್ವಾರ್ಟೆ ಗೋಡೆಯ ಮೊಳೆಯಿಂದ ಗಾಳದ ಕೋಲು ಇಳಿಸಿ, "ಬನ್ನಿ ಇಂಜಿನಿಯರಮ್ಮ, ಮೀನಿಗೆ ಹೋಗೋಣ" ಎಂದ.

ತೋಟದ ಕೊನೆಯಲ್ಲಿ ನೆಲ ಕಡಿದಂತಾಗಿ, ಬಂಡೆಯ ಪಕ್ಕದಲ್ಲೇ ಒಂದು ಕಾಲುದಾರಿ ಕಡಲಿಗೆ ಇಳಿಯುತ್ತಿತ್ತು. ಸಡಿಲ ಮಣ್ಣು, ಅಲ್ಲಲ್ಲಿ ಕಲ್ಲು. ಹಲಗೆಯ ಇಳಿಜಾರಿಗಿಂತ ಎಷ್ಟೋ ಕಡಿದು. ಅರಾಕ್ಸಿ ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನು ಅರ್ಧ ದಾರಿ ಇಳಿದಿದ್ದ. ಅವಳು ಪೊದೆಗಳನ್ನು ಹಿಡಿದುಕೊಂಡು, ಒಂದೊಂದೇ ಹೆಜ್ಜೆಯಿಟ್ಟು, ಅವನ ಹಿಂದೆ ಕೆಳಗೆ ತಲುಪಿದಳು. ಗಾಳಿ ಜೋರಾಗಿತ್ತು. ಮರಳಿನಲ್ಲಿ ಬೂಟು ಬಿಟ್ಟು ಡ್ವಾರ್ಟೆ ನೇರವಾಗಿ ನೀರಿನ ಕಡೆಗೆ ನಡೆದಿದ್ದ.

"ಉಪ್ಪುನೀರು!" ಎಂದು ಅರಾಕ್ಸಿ ಕೂಗಿದಳು. "ಡ್ವಾರ್ಟೆ, ಕವಾಟ ಕೆಟ್ಟುಹೋಗುತ್ತೆ!"

ಅವನಿಗೆ ಕೇಳಿಸಲಿಲ್ಲವೋ, ಕೇಳಿಸದವನಂತೆ ಇದ್ದನೋ. ಕಡಲ ತಳ ಓರೆಯಾಗಿ ಆಳಕ್ಕೆ ಇಳಿಯುವಲ್ಲಿ ಅವನು ನಿಂತು, ಕೋಲು ಬೀಸಿ ಗಾಳ ಎಸೆದ. ಒಂದು ಅಲೆ ಬಂದು ಅವನ ಎರಡು ಮೊಣಕಾಲುಗಳನ್ನೂ ಒಟ್ಟಿಗೇ ನೆನೆಸಿ ಹೋಯಿತು.